ಬಾಕಿ ಪಟ್ಟಿಯ ಕೊನೆಯ ಪುಟ

2025ರ ಡಿಸೆಂಬರ್ 3ರಂದು ಲಂಡನ್ನಿನ ಹೈಕೋರ್ಟು ಸಾಲ್ಫರ್ಡ್ ರೆಡ್ ಡೆವಿಲ್ಸ್ ರಗ್ಬಿ ಲೀಗ್ ಕ್ಲಬ್ಬಿಗೆ ಬೀಗ ಹಾಕಿಸಿತು. ತೆರಿಗೆ ಇಲಾಖೆಯ ಬಾಕಿ ಬೆಳೆದು ನಿಂತಿತ್ತು. ಅಲ್ಲಿಂದೀಚೆಗೆ ಬಂದ ಬರಹಗಳದ್ದೆಲ್ಲ ಒಂದೇ ರಾಗ: ಮಾಲೀಕರು ಎಡವಿದರು, ಕ್ಲಬ್ಬು ಮುಳುಗಿತು. ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳ ದಿವಾಳಿ ಲೆಕ್ಕಗಳನ್ನು ಮೂರು ದಶಕ ತಿರುವಿಹಾಕಿದ ನನಗೆ ಇದು ಅರ್ಧ ಕಥೆ.

ಈ ಆಟ ಹುಟ್ಟಿದ್ದೇ ಕಾಸಿನ ಜಗಳದಲ್ಲಿ. ಶನಿವಾರದ ಕೂಲಿ ಬಿಟ್ಟು ಆಡುವ ಗಣಿ, ಗಿರಣಿ ಕೆಲಸಗಾರರಿಗೆ ಆರು ಶಿಲಿಂಗ್ ಕೊಡಬೇಕೆಂದು 1895ರಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಮೂಲ ರಗ್ಬಿ ಆಡಳಿತದಿಂದ ಬೇರೆಯಾದವು. ಮುಂದೆ ಬಹುಕಾಲ ಟಿಕೆಟ್ ಹಣವೇ ಆದಾಯ, ಮೈದಾನವೇ ಆಸ್ತಿ. ಸಾಲ ಕುತ್ತಿಗೆಗೆ ಬಂದಾಗ ಹೊಲ ಮಾರುವ ರೈತನಂತೆ ಮೈದಾನ ಮಾರುತ್ತಿದ್ದರು. ಸ್ವಿಂಟನ್ ಕ್ಲಬ್ಬು 1992ರಲ್ಲಿ ಸ್ಟೇಷನ್ ರೋಡ್ ಮೈದಾನ ಕಳೆದುಕೊಂಡು ಅಲೆಮಾರಿಯಾಯಿತು, ಅಲ್ಲೀಗ ಮನೆಗಳಿವೆ. ವಿಗನ್ನಿನ ಸೆಂಟ್ರಲ್ ಪಾರ್ಕ್ ಟೆಸ್ಕೊ ಅಂಗಡಿಯ ಪಾಲಾಯಿತು. ಕರುಳು ಹಿಂಡುವ ಮಾತು, ನಿಜ. ಆದರೆ ಮಾರಿದ ಹಣ ಸಾಲಕ್ಕೆ ಹೋಗುತ್ತಿತ್ತು. ಆ ಮಟ್ಟಿಗೆ ಅದು ಮರ್ಯಾದಸ್ಥರ ಕಾಲ.

1995ರಲ್ಲಿ ಮಾಧ್ಯಮ ದೊರೆ ಮರ್ಡಾಕ್ ಕಂಪನಿಯ 8.7 ಕೋಟಿ ಪೌಂಡ್ ಟಿವಿ ಹಣ ಬಂತು. ಮರುವರ್ಷ ಸೂಪರ್ ಲೀಗ್ ಶುರುವಾಯಿತು. ಆಟಗಾರರು ಪೂರ್ಣಾವಧಿ ನೌಕರರಾದರು. 2002ರ ಹೊತ್ತಿಗೆ ಸಂಬಳದ ಮೇಲೆ 18 ಲಕ್ಷ ಪೌಂಡಿನ ಮಿತಿಯೂ ಬಂತು. ಸಂಬಳಕ್ಕೆ ಲಗಾಮು ಹಾಕಿದವರು ಉದ್ದರಿಗೆ ಹಾಕಲಿಲ್ಲ.

ನಮ್ಮ ತಲೆಮಾರಿನ ಪಾಠಶಾಲೆ ಬ್ರಾಡ್‌ಫರ್ಡ್ ಬುಲ್ಸ್. 1954ರಲ್ಲಿ 1,02,569 ಜನ ಸೇರಿದ್ದ ಆಡ್ಸಲ್ ಮೈದಾನದ ಕ್ಲಬ್ಬು ಅದು. 1997ರಿಂದ 2005ರೊಳಗೆ ನಾಲ್ಕು ಬಾರಿ ಚಾಂಪಿಯನ್. 2012ರ ಜನವರಿಯಲ್ಲಿ ಆಟದ ಆಡಳಿತ ಮಂಡಳಿಯೇ ಮೈದಾನದ ಗುತ್ತಿಗೆ ಕೊಂಡು ಕೈಗೆ ಕಾಸು ಕೊಟ್ಟಿತು. ವಸಂತದಲ್ಲಿ ಕ್ಲಬ್ಬು ಐದು ಲಕ್ಷ ಪೌಂಡಿಗೆ ಅಭಿಮಾನಿಗಳ ಮುಂದೆ ಕೈಯೊಡ್ಡಿತು. ಅವರು ಜೇಬು ಬರಿದು ಮಾಡಿಕೊಂಡರೂ ಬೇಸಿಗೆಯಲ್ಲಿ ಕ್ಲಬ್ಬು ದಿವಾಳಿ ಆಡಳಿತಾಧಿಕಾರಿಯ ಕೈಗೆ ಹೋಯಿತು. 2014ರಲ್ಲಿ ಮತ್ತೊಮ್ಮೆ, 2016ರಲ್ಲಿ ಮೂರನೆಯ ಸಲ. 2017ರ ಜನವರಿಯಲ್ಲಿ ಕ್ಲಬ್ಬು ನಡೆಸುತ್ತಿದ್ದ ಕಂಪನಿಯನ್ನೇ ಮುಚ್ಚಿದರು. ಅದೇ ಹೆಸರಿನ ಹೊಸ ಕಂಪನಿ ಕೆಲವೇ ವಾರಗಳಲ್ಲಿ ಅಂಗಳಕ್ಕಿಳಿಯಿತು. ಶಿಕ್ಷೆ? ಮೊದಲು 6 ಅಂಕ, ಆಮೇಲೆ 6, ಕೊನೆಗೆ 12. ಅಂಕ ಕಡಿದದ್ದರಿಂದ ಸಾಲ ಕೊಟ್ಟ ಒಬ್ಬನಿಗೂ ಒಂದು ಪೆನ್ನಿ ಹುಟ್ಟಲಿಲ್ಲ.

ಇದರ ಒಳಗುಟ್ಟು ಸರಳ. ಹೊಸ ಕಂಪನಿ ಹೆಸರು, ಲಾಂಛನ, ಆಟಗಾರರ ಒಪ್ಪಂದ ಕೊಳ್ಳುತ್ತದೆ. ಸಾಲ ಹಳೆಯ ಕಂಪನಿಯ ಹೆಣದ ಜೊತೆ ಮಣ್ಣಾಗುತ್ತದೆ. ಇದ್ದಬದ್ದದ್ದರಲ್ಲಿ ಅಡಮಾನ ಇಟ್ಟುಕೊಂಡವರಿಗೆ ಮೊದಲ ಪಂಕ್ತಿ. 2020ರ ಡಿಸೆಂಬರಿನಿಂದ ತೆರಿಗೆ ಇಲಾಖೆಯೂ ಸಾಲಿನಲ್ಲಿ ಮುಂದೆ ಬಂದಿದೆ. ಕೊನೆಯ ಪಂಕ್ತಿಗೆ ಉಳಿಯುವುದು ಎಂಜಲೆಲೆ.

ಒಂದು ಕ್ಲಬ್ಬಿನ ಬಾಕಿ ಪಟ್ಟಿಯ ಕೊನೆಯ ಪುಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ಜರ್ಸಿ ಒಗೆದ ಲಾಂಡ್ರಿ, ಪಂದ್ಯದ ಪುಸ್ತಿಕೆ ಅಚ್ಚು ಹಾಕಿದ ಪ್ರೆಸ್ಸು, ಹುಲ್ಲು ಕತ್ತರಿಸುವ ಯಂತ್ರದ ರಿಪೇರಿಯವನು, ಮಾಂಸದ ಪೈ ಕೊಟ್ಟ ಬೇಕರಿ. ಬೇಕರಿಯ ಹೆಂಗಸು ಫೋನ್ ಮಾಡಿದಾಗ ಪೌಂಡಿಗೆ ಒಂದೆರಡು ಪೆನ್ನಿ ಬಂದರೆ ಪುಣ್ಯ ಎಂದು ಹೇಳಬೇಕಾದವನು ನಾನೇ. ಆಕೆ ಸಿಟ್ಟಾಗಲಿಲ್ಲ. "ಈ ಶನಿವಾರಕ್ಕೂ ಪೈ ಬೇಕೆಂದು ಕ್ಲಬ್ಬಿನವರು ಬೆಳಿಗ್ಗೆ ಕೇಳಿದ್ದಾರೆ, ಕೊಡಲೋ ಬೇಡವೋ?" ಎಂದಳು.

ನಂತರದ ಕುಸಿತಗಳ ಕಥೆ ಜಗಜ್ಜಾಹೀರು. 2020ರಲ್ಲಿ ಟೊರಾಂಟೊ ವುಲ್ಫ್‌ಪ್ಯಾಕ್ ಸನ್ನಿ ಬಿಲ್ ವಿಲಿಯಮ್ಸ್‌ನಂಥ ತಾರೆಯನ್ನು ತಂದು, ಆಟಗಾರರ ಸಂಬಳ ಬಾಕಿ ಉಳಿಸಿ, ಋತುವಿನ ನಡುವೆಯೇ ಹೊರಬಿತ್ತು. 2025ರ ಆರಂಭದಲ್ಲಿ ಖರ್ಚಿನ ಕಟ್ಟುಪಾಡಿಗೆ ಸಿಕ್ಕ ಸಾಲ್ಫರ್ಡ್ ಹುಡುಗರನ್ನು ಕಣಕ್ಕಿಳಿಸಿ ಸೇಂಟ್ ಹೆಲೆನ್ಸ್ ಎದುರು 82-0 ಸೋತಿತು. ಆ ಅಂಕಪಟ್ಟಿ ಎಲ್ಲರಿಗೂ ನೆನಪಿದೆ.

ಈ ಕ್ಷೇತ್ರದಲ್ಲಿ ಮಾಲೀಕರ ಬಗ್ಗೆ ಬರಹಗಳಿವೆ, ಆಟಗಾರರ ಆತ್ಮಕಥೆಗಳಿವೆ, ಅಭಿಮಾನಿಗಳ ಕಣ್ಣೀರಿದೆ. ಕೊನೆಯ ಪುಟಗಳನ್ನು ಒಟ್ಟುಗೂಡಿಸಿ, ಯಾವ ಊರಿನ ಯಾವ ಅಂಗಡಿ ಎಷ್ಟು ಸಲ ಪಂಗನಾಮ ಹಾಕಿಸಿಕೊಂಡಿತು ಎಂದು ಕೂಡಿಸಿ ಬರೆದ ಅಧ್ಯಯನ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗೆ ಕೂಡಿಸಿದರೆ, ಈ ಕ್ಲಬ್ಬುಗಳನ್ನು ನಿಜಕ್ಕೂ ಸಾಕಿದವರು ಯಾರು ಎಂಬುದು ಬಯಲಾದೀತು.

ಅಂದ ಹಾಗೆ, ಬೇಕರಿಯವಳು ಆ ಶನಿವಾರವೂ ಪೈ ಕಳಿಸಿದಳು. ಮುಂಗಡ ಎಣಿಸಿಕೊಂಡ ಮೇಲೆ.