ಒತ್ತೆಯಿಟ್ಟ ಮಕ್ಕಳು

ನಮ್ಮ ಕಿಕ್ಕೇರಿ ಕಡೆ ಶ್ರೀರಂಗಪಟ್ಟಣದ ಮಾತೆತ್ತಿದರೆ ಕೋಟೆ, ಕತ್ತಿ, ಟಿಪ್ಪುವಿನ ಸಾವು ಇಷ್ಟೇ ಬರುತ್ತವೆ. ಅವನ ಇಬ್ಬರು ಹುಡುಗರ ಸುದ್ದಿ ಬರುವುದು ಅಪರೂಪ.

1792ರ ಫೆಬ್ರವರಿ 26ರಂದು ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಆನೆಯೇರಿ ಕೋಟೆಯಿಂದ ಹೊರಬಂದರು. ಹಿರಿಯವನಿಗೆ ಹತ್ತರ ಆಸುಪಾಸು, ಇನ್ನೊಬ್ಬ ಅವನಿಗಿಂತ ಚಿಕ್ಕವನು. ಅಪ್ಪ ಸೋತಿದ್ದ. ಅರ್ಧ ರಾಜ್ಯದ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ತೆರಬೇಕಿತ್ತು. ಒಪ್ಪಂದ ಪೂರ್ತಿ ನಡೆಯುವವರೆಗೆ ಮಕ್ಕಳೇ ಅಡವು. ಇಂಗ್ಲಿಷರ ದಂಡಿನಲ್ಲಿದ್ದ ಮೇಜರ್ ಡಿರೋಂ ಬರೆದಿಟ್ಟ ಒಂದು ಸಂಗತಿಯನ್ನು ಓದಿದ ಮೇಲೆ ನನಗೆ ಮರೆಯಲಾಗಿಲ್ಲ: ಕಿರಿಯವನ ತಾಯಿ ದಾಳಿಯ ಭಯದಿಂದಲೇ ಕೆಲವು ದಿನಗಳ ಹಿಂದೆ ತೀರಿಕೊಂಡಿದ್ದಳಂತೆ.

ಕಾರ್ನ್‌ವಾಲಿಸ್ ಡೇರೆಯ ಬಾಗಿಲಲ್ಲೇ ಹುಡುಗರನ್ನು ಎದುರುಗೊಂಡು, ಅಪ್ಪಿಕೊಂಡು, ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ರಾಬರ್ಟ್ ಹೋಮ್, ಮ್ಯಾಥರ್ ಬ್ರೌನ್ ಈ ದೃಶ್ಯವನ್ನು ಚಿತ್ರವಾಗಿ ಬರೆದರು. ಅವುಗಳಲ್ಲಿ ಕಾರ್ನ್‌ವಾಲಿಸ್ ಕರುಣಾಳು ತಂದೆ. ಅದೇ ತಿಂಗಳು ಆ ಮಕ್ಕಳ ಮನೆಗೆ ಮುತ್ತಿಗೆ ಹಾಕಿದವನ ಕರುಣೆ ನನಗಂತೂ ಹಿಡಿಸುವುದಿಲ್ಲ.

ಆದರೆ ಅಣ್ಣತಮ್ಮಂದಿರನ್ನು ಅಗಲಿಸಲಿಲ್ಲ. ಅವರಿಗೆ ಗೊತ್ತಿದ್ದ ವಕೀಲ ಗುಲಾಮ್ ಅಲಿ ಖಾನ್ ಜೊತೆಗಿದ್ದ. ಇದು ಸಣ್ಣ ಮಾತಲ್ಲ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮಕ್ಕಳನ್ನು ನೋಡಿಕೊಂಡ ಅನ್ನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಕಂಡುಕೊಂಡದ್ದೂ ಇದನ್ನೇ. ತಮ್ಮವರು ಪಕ್ಕದಲ್ಲಿದ್ದರೆ ಮಕ್ಕಳು ಬಾಂಬಿನ ಸದ್ದನ್ನು ಹೇಗೋ ತಾಳಿಕೊಳ್ಳುತ್ತಿದ್ದರು. ಅಗಲಿಕೆಯೇ ಅವರನ್ನು ಹೆಚ್ಚು ಕಂಗೆಡಿಸುತ್ತಿತ್ತು.

ಎರಡು ವರ್ಷ ಮದರಾಸಿನಲ್ಲಿದ್ದು, 1794ರಲ್ಲಿ ಹುಡುಗರು ದೇವನಹಳ್ಳಿಯಲ್ಲಿ ಅಪ್ಪನನ್ನು ಸೇರಿದರು. ಸಿಕ್ಕಿದ್ದು ಐದೇ ವರ್ಷ. 1799ರ ಮೇ 4ರಂದು ಟಿಪ್ಪು ಸತ್ತ. ಸಂಸಾರ ವೆಲ್ಲೂರಿನ ಕೋಟೆಗೆ, 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತೆಗೆ.

ಇವರು ದೊರೆಮಕ್ಕಳು, ಹಾಗಾಗಿ ಚಿತ್ರವಾದರು. ಅದೇ ಯುದ್ಧದಲ್ಲಿ ಸತ್ತ ಸಾಮಾನ್ಯ ಸಿಪಾಯಿಯ ಮಗನನ್ನು ಯಾರು ಬರೆದರು? ಅವನನ್ನು ಹುಡುಕಲು ನಾನು ಇನ್ನೂ ಹಿಂದಕ್ಕೆ, ವೀರಗಲ್ಲುಗಳ ಹತ್ತಿರ ಹೋಗುತ್ತೇನೆ. ನಮ್ಮೂರ ಬ್ರಹ್ಮೇಶ್ವರ ಗುಡಿ ಎದ್ದ 1171ರ ಹೊತ್ತಿಗೆ ಹೊಯ್ಸಳರ ನಾಡಿನಲ್ಲಿ ಇಂಥ ಕಲ್ಲು ನಿಲ್ಲಿಸುವುದು ವಾಡಿಕೆಯಾಗಿತ್ತು. ಸಾಮಾನ್ಯವಾಗಿ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಮನೆಯಲ್ಲಿ ಉಳಿದ ಮಗುವಿಗೆ ಆ ಚಿತ್ರದಲ್ಲಿ ಜಾಗವಿಲ್ಲ. ಆದರೆ ಕೆಲವು ಶಾಸನಗಳು ನೆತ್ತರುಕೊಡಗೆಯ ಮಾತು ಹೇಳುತ್ತವೆ. ಹಾಗೆಂದರೆ, ರಕ್ತ ಚೆಲ್ಲಿ ಸತ್ತವನ ಮನೆಯವರಿಗೆ ಉಂಬಳಿಯಾಗಿ ಬಿಟ್ಟ ಭೂಮಿ.