ಬಂಡೆಗೂ ಅಂಕ, ಆರೋಹಿಗೂ ಅಂಕ

ಬಾಗಲಕೋಟೆ ಜಿಲ್ಲೆಯ ಜಾತ್ರೆಗಳಲ್ಲಿ ಕಸುವನ್ನು ಅಳೆಯುವ ಎರಡು ರೂಢಿಗಳಿವೆ. ಒಂದು ಸಂಗ್ರಾಣಿ ಕಲ್ಲು. ಕಲ್ಲಿನ ತೂಕ ಊರಿಗೆಲ್ಲ ಗೊತ್ತು. ಎತ್ತಿದವನು ಎತ್ತಿದ, ಎತ್ತದವನು ಎತ್ತಲಿಲ್ಲ. ಇನ್ನೊಂದು ಕುಸ್ತಿ. ಹುನಗುಂದ, ಇಳಕಲ್ಲ ಸೀಮೆಯ ಕಣಗಳಲ್ಲಿ ಹಿರಿಯ ಪೈಲ್ವಾನರು ಹುಡುಗನ ಮೈಕಟ್ಟು, ವಯಸ್ಸು, ಹಿಂದೆ ಯಾರನ್ನು ಚಿತ್ ಮಾಡಿದ್ದ, ಯಾರ ಕೈಯಲ್ಲಿ ಬಿದ್ದಿದ್ದ ಎಂಬುದನ್ನೆಲ್ಲ ನೋಡಿ ಜೋಡಿ ಹಚ್ಚುತ್ತಾರೆ. ತೆಂಗಿನಕಾಯಿಗಾಗಿ ಸೆಣಸುವ ಪೋರರಿಂದ ಹಿಡಿದು ಬೆಳ್ಳಿ ಕಡಗದ ಕೊನೆಯ ಕುಸ್ತಿವರೆಗೆ ಒಬ್ಬೊಬ್ಬರಿಗೂ ಒಂದು ಮಟ್ಟ. ಆ ಮಟ್ಟವನ್ನು ಯಾರೂ ಬರೆದಿಡುವುದಿಲ್ಲ, ಆದರೆ ಸೋಲು ಗೆಲುವುಗಳ ಜೊತೆ ಅದು ಏರಿಳಿಯುತ್ತದೆ.

ಬಾದಾಮಿಯ ಕೆಂಪು ಬಂಡೆಗಳಲ್ಲಿ ನಡೆಯುವ ಶಿಲಾರೋಹಣ ಈ ಎರಡರ ನಡುವೆ ನಿಂತ ಆಟ. ಎದುರಾಳಿ ಕಲ್ಲೇ, ಆದರೆ ಅದರ ಕಷ್ಟವನ್ನು ತಕ್ಕಡಿಗೆ ಹಾಕಲಾಗದು. ಯಾರು ಹತ್ತಿದರು, ಯಾರು ಜಾರಿದರು ಎಂಬುದರಿಂದಲೇ ಕಲ್ಲಿನ ಮಟ್ಟ ಗೊತ್ತಾಗಬೇಕು. ಹತ್ತಿದವರ ಮಟ್ಟ ತಿಳಿಯುವುದು ಕಲ್ಲಿನಿಂದ. ಈ ತೊಡಕನ್ನು ಬಿಡಿಸಲು ನಡೆದಿರುವ ಪ್ರಯತ್ನಗಳಿಗೆ ನೂರು ವರ್ಷದ ಇತಿಹಾಸವಿದೆ.

ಮುಚ್ಚಿದ ಏಣಿ, ತೆರೆದ ಏಣಿ

1920ರ ದಶಕದಲ್ಲಿ ಜರ್ಮನಿಯ ವಿಲೋ ವೆಲ್ಸೆನ್‌ಬಾಖ್ ಆಲ್ಪ್ಸ್ ಪರ್ವತದ ದಾರಿಗಳನ್ನು ಆರು ದರ್ಜೆಗಳಾಗಿ ವಿಂಗಡಿಸಿದ. ಆರನೆಯದು ಮನುಷ್ಯಸಾಧ್ಯದ ಕೊನೆ ಎಂಬ ನಂಬಿಕೆ ಅದರಲ್ಲಿತ್ತು. ಅಮೆರಿಕದ ಆರೋಹಿಗಳೂ ಇದೇ ದಾರಿ ಹಿಡಿದರು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಾಕೀಟ್ಜ್ ಬಂಡೆಯಲ್ಲಿ ರೂಪುಗೊಂಡ ಅವರ ಅಳತೆ 5.0ರಿಂದ ಶುರುವಾಗಿ 5.9ಕ್ಕೆ ನಿಲ್ಲಬೇಕಿತ್ತು.

ಎರಡೂ ನಿಲ್ಲಲಿಲ್ಲ. ಹೊಸ ತಲೆಮಾರು ಹೆಚ್ಚು ಅಭ್ಯಾಸ, ಒಳ್ಳೆಯ ಶೂ, ಗಟ್ಟಿ ಹಗ್ಗದೊಂದಿಗೆ ಬಂದಾಗ ಮೊದಲು ಮಾಡಿದ ತಪ್ಪೆಂದರೆ ಹೊಸ ಕಷ್ಟವನ್ನೆಲ್ಲ ಹಳೆಯ ಕೊನೆಯ ಮೆಟ್ಟಿಲಿಗೇ ತುರುಕಿದ್ದು. 5.9 ಎಂದು ಬರೆದಿದ್ದ ದಾರಿಗಳಲ್ಲಿ ಸುಲಭದವೂ ಇದ್ದವು, ಭಯಂಕರವಾದವೂ ಇದ್ದವು. ಕೊನೆಗೆ ಗಣಿತದ ಮರ್ಯಾದೆ ಬಿಟ್ಟು 5.9ರ ಮೇಲೆ 5.10 ಎಂದು ಬರೆದರು. ಅದೂ ಕಿಕ್ಕಿರಿದಾಗ ಜಿಮ್ ಬ್ರಿಡ್ವೆಲ್ 1970ರ ದಶಕದಲ್ಲಿ ಅದನ್ನು ಎ, ಬಿ, ಸಿ, ಡಿ ಎಂದು ಸೀಳಿದ. ಅತ್ತ ಯುರೋಪಿನಲ್ಲಿ ರೈನ್‌ಹೋಲ್ಡ್ ಮೆಸ್ನರ್ 1973ರಲ್ಲಿ ಏಳನೆಯ ದರ್ಜೆಯ ಪರವಾಗಿ ಪುಸ್ತಕವನ್ನೇ ಬರೆದ.

ಫ್ರೆಂಚ್ ಅಳತೆಗೆ ಮೇಲ್ಮಿತಿಯಿಲ್ಲ. ಅಂಕಿ, ಅಕ್ಷರ, ಬೇಕಾದರೆ ಕೂಡಿಸುವ ಚಿಹ್ನೆ: 6ಎ, 6ಎ+, 6ಬಿ, ಹೀಗೆ. ಬೋಲ್ಟ್ ಹೊಡೆದ ದಾರಿಗಳಿಗೆ ಜಗತ್ತಿನ ಬಹುಭಾಗ ಒಪ್ಪಿದ್ದು ಇದನ್ನೇ, ಬಾದಾಮಿಯೂ ಸೇರಿ. 1991ರಲ್ಲಿ ವೋಲ್ಫ್‌ಗಾಂಗ್ ಗ್ಯುಲಿಶ್ ಜರ್ಮನಿಯಲ್ಲಿ 9ಎ ಮುಟ್ಟಿದ. 2017ರ ಸೆಪ್ಟೆಂಬರಿನಲ್ಲಿ ಜೆಕ್ ಗಣರಾಜ್ಯದ ಆಡಮ್ ಓಂಡ್ರಾ ನಾರ್ವೆಯ ಗುಹೆಯೊಂದರಲ್ಲಿ ಮೊದಲ 9ಸಿ ಹತ್ತಿದ. ಕಾಲು ಶತಮಾನಕ್ಕೆ ಏರಿದ್ದು ನಾಲ್ಕು ಮೆಟ್ಟಿಲು.

ಬಾದಾಮಿಯ ಕಲ್ಲು

ಕಲಾದಗಿ ಶಿಲಾಸರಣಿಗೆ ಸೇರಿದ ಬಾದಾಮಿಯ ಮರಳುಗಲ್ಲು ಪದರ ಪದರವಾಗಿ ಕೂತಿದೆ. ಚಾಲುಕ್ಯರು 6ನೇ ಶತಮಾನದಲ್ಲಿ ಗುಹಾಲಯ ಕೊರೆಯಲು ಆರಿಸಿದ ಇದೇ ಕಲ್ಲು ಆರೋಹಿಗೆ ಅಡ್ಡ ಬಿರುಕು, ಅಂಚು, ಬೆರಳು ಹೋಗುವ ಗುಳಿಗಳನ್ನು ಕೊಡುತ್ತದೆ. ಗೋಡೆ ಕಡಿದಾಗಿದ್ದರೂ ಹಿಡಿತ ಸಿಗುತ್ತದೆ. ಕೈ ಬಲ, ದಮ್ಮು ಎರಡೂ ಬೇಕು. ಇಲ್ಲಿಂದ ಪೂರ್ವಕ್ಕೆ ಇಳಕಲ್ಲಿಗೆ ಹೋದರೆ ಕಲ್ಲಿನ ಜಾತಿಯೇ ಬೇರೆ. ಕ್ವಾರಿಗಳಿಂದ ದೇಶವಿದೇಶಕ್ಕೆ ಹೋಗುವ ಅಲ್ಲಿನ ಕೆಂಪು ಗ್ರಾನೈಟ್ ಈ ಮರಳುಗಲ್ಲಿಗಿಂತ ಬಹಳ ಹಳೆಯದು. ಹಂಪಿಯ ಗುಂಡುಗಳೂ ರಾಮನಗರದ ಬೆಟ್ಟಗಳೂ ಗ್ರಾನೈಟಿನವೇ. ರಾಮನಗರದ ನುಣುಪು ಇಳಿಜಾರಿನಲ್ಲಿ ತೋಳಿಗಿಂತ ಪಾದದ ನಂಬಿಕೆ ದೊಡ್ಡದು. ಬಾದಾಮಿಯಲ್ಲಿ 7ಎ ಹತ್ತುವವರು ಅಲ್ಲಿಯ 6ಬಿಯಲ್ಲಿ ಒದ್ದಾಡಿದರೆ ಅಚ್ಚರಿಪಡಬೇಕಿಲ್ಲ. ಒಂದೇ ಅಂಕಿಯಲ್ಲಿ ಎರಡು ಬಗೆಯ ಜಾಣ್ಮೆ ಹಿಡಿಸುವುದು ಕಷ್ಟ.

ಹವೆಯೂ ಅಂಕವನ್ನು ಅಲುಗಿಸುತ್ತದೆ. ನವೆಂಬರಿನಿಂದ ಫೆಬ್ರವರಿವರೆಗಿನ ಚಳಿಗಾಲದ ಮುಂಜಾವಿನಲ್ಲಿ ಕೊಟ್ಟ ದರ್ಜೆಯನ್ನು ಏಪ್ರಿಲ್‌ನ ಬಿಸಿಲಿನಲ್ಲಿ, ಬೆವರುವ ಬೆರಳಿನಲ್ಲಿ ಪರೀಕ್ಷಿಸಿದರೆ ಅದೇ ದಾರಿ ಒಂದು ಮೆಟ್ಟಿಲು ಮೇಲೇರಿದಂತೆ ಕಾಣುತ್ತದೆ.

ಬಾದಾಮಿಯ ದಾರಿಗಳನ್ನು ರೂಪಿಸಿದವರಲ್ಲಿ ಬೆಂಗಳೂರಿನವರೂ ವಿದೇಶದಿಂದ ಚಳಿಗಾಲ ಕಳೆಯಲು ಬಂದವರೂ ಇದ್ದಾರೆ. ಇಲ್ಲಿನ ಹೆಸರಾಂತ ದಾರಿ ‘ಗಣೇಶ’ಕ್ಕೆ 8ಬಿ+ ದರ್ಜೆಯಿದೆ. ಪುಣೆಯ ತುಹಿನ್ ಸಾತಾರ್ಕರ್ ಅದನ್ನು ಹತ್ತಿದಾಗ ಭಾರತೀಯ ಆರೋಹಣದ ಗುರುತುಗಲ್ಲೇ ಸರಿದಿತ್ತು.

ಅಂಕ ಯಾಕೆ ಬದಲಾಗುತ್ತದೆ

ದಾರಿಯ ದರ್ಜೆಯನ್ನು ಮೊದಲು ಹತ್ತಿದವರು ಸೂಚಿಸುತ್ತಾರೆ. ಆಮೇಲೆ ಬಂದವರು ಒಪ್ಪುತ್ತಾರೆ ಇಲ್ಲವೇ ತಿದ್ದುತ್ತಾರೆ. ಜರ್ಮನಿಯ ಅಲೆಕ್ಸ್ ಮೆಗೋಸ್ 2020ರಲ್ಲಿ ಫ್ರಾನ್ಸಿನ ‘ಬಿಬ್ಲಿಯೋಗ್ರಫಿ’ ಹತ್ತಿ 9ಸಿ ಎಂದಿದ್ದ. ಮರುವರ್ಷ ಇಟಲಿಯ ಸ್ಟೆಫಾನೋ ಗಿಸೋಲ್ಫಿ ಅದನ್ನೇ ಹತ್ತಿ 9ಬಿ+ ಎಂದ, ಮೆಗೋಸ್ ಒಪ್ಪಿದ. ಇನ್ನೊಂದು ಫ್ರೆಂಚ್ ದಾರಿ ‘ಅಕಿರಾ’ 1995ರಲ್ಲಿ 9ಬಿ ಎನಿಸಿಕೊಂಡು, 2020ರಲ್ಲಿ ಇಬ್ಬರು ಪುನಃ ಹತ್ತಿದ ಮೇಲೆ 9ಎಗೆ ಇಳಿಯಿತು. ಹಿಡಿತವೊಂದು ಮುರಿದರೆ ಮೇಲೇರುವುದೂ ಉಂಟು. ಮರಳುಗಲ್ಲಿನಲ್ಲಿ ಇದು ಅಪರೂಪವಲ್ಲ.

ದೇಹದ ಅಳತೆಯೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಯೊಸೆಮಿಟಿಯ ‘ದಿ ನೋಸ್’ ದಾರಿಯನ್ನು ಸಲಕರಣೆಗೆ ಜೋತು ಬೀಳದೆ, ಬರಿ ಕೈಕಾಲಿನ ಬಲದಿಂದ 1993ರಲ್ಲಿ ಮೊದಲು ಪೂರೈಸಿದ್ದು ಐದಡಿ ಚಿಲ್ಲರೆ ಎತ್ತರದ ಲಿನ್ ಹಿಲ್. ಘಟಾನುಘಟಿ ಗಂಡಸರಿಗೆ ದಕ್ಕದ ಗೋಡೆ ಅದು.

ಆರೋಹಿಯ ಮಟ್ಟ ಹೇಳುವಾಗ ಹೇಗೆ ಹತ್ತಿದರೆಂದೂ ಹೇಳಬೇಕು. ಏನೂ ತಿಳಿಯದೆ ಮೊದಲ ಯತ್ನದಲ್ಲೇ ಮುಗಿಸಿದರೆ ಆನ್‌ಸೈಟ್. ಇತರರಿಂದ ಕೇಳಿ ಇಲ್ಲವೇ ನೋಡಿ ಮೊದಲ ಯತ್ನದಲ್ಲಿ ಮುಗಿಸಿದರೆ ಫ್ಲ್ಯಾಶ್. ಹಲವು ಸಲ ಬಿದ್ದು ಕಲಿತು ಕೊನೆಗೆ ಬೀಳದೆ ಮುಗಿಸಿದರೆ ರೆಡ್‌ಪಾಯಿಂಟ್. ಈ ಕೊನೆಯ ಪದ್ಧತಿ 1970ರ ದಶಕದಲ್ಲಿ ಜರ್ಮನಿಯ ಕುರ್ಟ್ ಆಲ್ಬರ್ಟ್ ದಾರಿಯ ಬುಡದಲ್ಲಿ ಕೆಂಪು ಚುಕ್ಕೆ ಇಡುತ್ತಿದ್ದುದರಿಂದ ಬಂತು. 7ಬಿ ರೆಡ್‌ಪಾಯಿಂಟ್ ಮಾಡಿದವರಿಗೆ 6ಸಿಯನ್ನೂ ಆನ್‌ಸೈಟ್ ಮಾಡಲಾಗದಿರಬಹುದು. ‘ನಾನು 7ಬಿ’ ಎಂಬ ಮಾತು ಅರ್ಧ ಮಾಹಿತಿ.

ಚದುರಂಗದಿಂದ ಬಂದ ಲೆಕ್ಕ

ಕುಸ್ತಿ ಕಣದಲ್ಲಿ ಜೋಡಿ ಹಚ್ಚುವವರು ಮಾಡುವಂಥ ಅಂದಾಜನ್ನು ಸೂತ್ರಕ್ಕೆ ಇಳಿಸಿದವನು ಹಂಗೇರಿ ಮೂಲದ ಅಮೆರಿಕನ್ ಭೌತಶಾಸ್ತ್ರಜ್ಞ ಅರ್ಪಾಡ್ ಎಲೋ. ಅವನ ಪದ್ಧತಿಯನ್ನು ಅಂತರರಾಷ್ಟ್ರೀಯ ಚೆಸ್ ಒಕ್ಕೂಟ 1970ರಲ್ಲಿ ಒಪ್ಪಿತು. ಇಬ್ಬರ ನಡುವೆ 200 ಅಂಕದ ಅಂತರವಿದ್ದರೆ ಮೇಲಿನವರು ನೂರಕ್ಕೆ ಸುಮಾರು 76 ಪಾಲು ಗಳಿಸಬೇಕೆಂಬ ನಿರೀಕ್ಷೆ. ನಿರೀಕ್ಷೆಯಂತೆ ಗೆದ್ದರೆ ಲಾಭ ಕಡಿಮೆ. ಅನಿರೀಕ್ಷಿತವಾಗಿ ಸೋತರೆ ನಷ್ಟ ಜಾಸ್ತಿ. ಹೊಸ ಆಟಗಾರರ ಅಂಕ ಬೇಗ ಓಡುತ್ತದೆ, ನುರಿತವರದು ನಿಧಾನಕ್ಕೆ ಸರಿಯುತ್ತದೆ.

ಈ ತತ್ವ ಈಗ ಎಲ್ಲೆಡೆ. 1969ರಲ್ಲಿ ಮೆಕ್ಸಿಕೋದಲ್ಲಿ ಹುಟ್ಟಿ ಈಗ ಬೆಂಗಳೂರಿಗೂ ಬಂದಿರುವ ಪ್ಯಾಡಲ್ ಆಟದ ಆ್ಯಪ್‌ಗಳು ಇದೇ ಬಗೆಯ ಲೆಕ್ಕದಿಂದ ಮಟ್ಟ ಹೇಳುತ್ತವೆ. ಅದು ಜೋಡಿಯಾಟ, ಗೆಲುವಿನಲ್ಲಿ ಯಾರ ಪಾಲೆಷ್ಟು ಎಂದು ತಿಳಿಯಲು ಬೇರೆ ಬೇರೆ ಜೊತೆಗಾರರೊಂದಿಗೆ ಬಹಳ ಪಂದ್ಯ ಆಡಬೇಕು.

ಶಿಲಾರೋಹಣಕ್ಕೆ ಈ ಬಗೆಯ ಲೆಕ್ಕವನ್ನು ತಂದದ್ದು ಡೀನ್ ಸ್ಕಾರ್ಫ್ ಅವರ 2020ರ ಅಧ್ಯಯನ. ಒಂದೊಂದು ಯತ್ನವನ್ನೂ ಆರೋಹಿ ಮತ್ತು ದಾರಿಯ ನಡುವಿನ ಪಂದ್ಯವೆಂದು ಎಣಿಸಿದರೆ, ಹತ್ತಿದ್ದು ಆರೋಹಿಯ ಗೆಲುವು, ಬಿದ್ದದ್ದು ದಾರಿಯ ಗೆಲುವು. ಸಾಕಷ್ಟು ಪಂದ್ಯ ಕೂಡಿದರೆ ಇಬ್ಬರ ಅಂಕವೂ ಒಟ್ಟಿಗೆ ಸಿಗುತ್ತದೆ. ಆರೋಹಿಯ ಅಂಕ ಕಾಲದೊಂದಿಗೆ ಏರಿಳಿಯಲು ಇಲ್ಲಿ ಅವಕಾಶವಿದೆ. ಹತ್ತು ವರ್ಷದ ಹಿಂದಿನ ಒಂದು ಗೆಲುವನ್ನೇ ಬಿರುದಿನಂತೆ ಹೊತ್ತು ತಿರುಗಲಾಗದು.

ಈ ಲೆಕ್ಕಕ್ಕೆ ಗೆಲುವಿನಷ್ಟೇ ಸೋಲಿನ ದಾಖಲೆಯೂ ಬೇಕು. ಕೊರತೆ ಇರುವುದು ಅಲ್ಲೇ. ಹತ್ತಿದ್ದನ್ನು ಬರೆಯುವವರು ಬಹಳ, ಬಿದ್ದದ್ದನ್ನು ಬರೆಯುವವರು ಕಡಿಮೆ. ದರ್ಜೆ ಗಟ್ಟಿಯಾಗಲು ಎತ್ತರದವರು, ಗಿಡ್ಡನೆಯವರು, ಹೆಂಗಸರು, ಹುಡುಗರು, ಬೇಸಿಗೆಯಲ್ಲಿ ಬಂದವರು, ಗ್ರಾನೈಟಿನಲ್ಲಿ ಪಳಗಿದವರು ಎಲ್ಲರ ಯತ್ನವೂ ಸೇರಬೇಕು. ಬಾದಾಮಿಯ ಮಟ್ಟಿಗೆ ಹೇಳುವುದಾದರೆ, ವರ್ಷವಿಡೀ ಈ ಕಲ್ಲಿನ ಜೊತೆಗಿರುವ ಬಾಗಲಕೋಟೆ ಸೀಮೆಯ ಹುಡುಗ ಹುಡುಗಿಯರು ತಾವು ಬಿದ್ದ ದಾರಿಗಳನ್ನೂ ಬರೆದಿಟ್ಟರೆ, ಚಳಿಗಾಲದ ಅತಿಥಿಗಳು ಕೊಟ್ಟುಹೋದ ಅಂಕಗಳಿಗೆ ಹನ್ನೆರಡು ತಿಂಗಳ ಪರೀಕ್ಷೆ ಸಿಗುತ್ತದೆ. ಆಗ ಕೆಲವು ದರ್ಜೆಗಳು ಇಳಿಯಬಹುದು, ಕೆಲವು ಏರಬಹುದು. ಎರಡರಿಂದಲೂ ಅಳತೆಯ ಮೇಲಿನ ಭರವಸೆ ಹೆಚ್ಚುತ್ತದೆ.