ಕನ್ನಡವನ್ನು ಕಲಿತ ಪರದೇಶೀಯರೂ ಹೊಸಗನ್ನಡದ ವ್ಯಾಕರಣವೂ

ತಾಯ್ನುಡಿಯನ್ನು ಮನುಷ್ಯನು ಕಲಿಯುತ್ತಿರುವೆನೆಂಬ ಅರಿವಿಲ್ಲದೆಯೇ ಕಲಿಯುತ್ತಾನೆ. ಪ್ರಾಯಕ್ಕೆ ಬಂದ ಮೇಲೆ ಹಿಡಿಯುವ ಎರಡನೆಯ ನುಡಿಯನ್ನಾದರೋ ಹೆಜ್ಜೆಹೆಜ್ಜೆಗೂ ಎಡವಿ ಕಲಿಯಬೇಕಾಗುತ್ತದೆ. ಆದಕಾರಣ ಒಂದು ಭಾಷೆಯ ಒಳಕಟ್ಟು ಅದನ್ನಾಡುವವರಿಗಿಂತ ಮೊದಲು ಹೊರಗಿನಿಂದ ಬಂದವನ ಕಣ್ಣಿಗೆ ಬೀಳುವುದುಂಟು. ಹೊಸಗನ್ನಡದ ವ್ಯಾಕರಣವು ಹುಟ್ಟಿದ ಬಗೆಯನ್ನು ವಿಚಾರಿಸಿದರೆ ಈ ಮಾತು ವಿಶದವಾಗುವುದು. ಮಂಗಳೂರಿನ ಪೇಟೆಯಲ್ಲಿ ತುಳು, ಕೊಂಕಣಿ, ಕನ್ನಡಗಳನ್ನು ಕಿವಿಯಿಂದಲೇ ಕಲಿತು ವ್ಯವಹರಿಸಿದವರು ತಲೆತಲಾಂತರದಿಂದ ಇದ್ದರು. ಆದರೆ ಅವರಿಗೆ ವ್ಯಾಕರಣದ ಗೊಡವೆಯಿರಲಿಲ್ಲ, ಅವರು ಕಲಿತ ರೀತಿಯನ್ನು ಬರೆದಿಟ್ಟವರೂ ಇಲ್ಲ.

ನಮ್ಮಲ್ಲಿ ವ್ಯಾಕರಣವಿರಲಿಲ್ಲವೆಂದು ಇದರರ್ಥವಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ಕ್ಕೆ ಸಮನಾದ ಗ್ರಂಥಗಳು ದೇಶಭಾಷೆಗಳಲ್ಲಿ ವಿರಳ. ಆದರೆ ಕೇಶಿರಾಜನು ಬರೆದದ್ದು ಕನ್ನಡ ಬಲ್ಲವನಿಗಾಗಿ, ಅದರಲ್ಲಿಯೂ ಕವಿಯಾಗಬಯಸುವವನಿಗಾಗಿ. ಲಕ್ಷ್ಯಗಳೆಲ್ಲವೂ ಪೂರ್ವಕವಿಗಳವು. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕನು ಸೂತ್ರಗಳನ್ನು ಸಂಸ್ಕೃತದಲ್ಲಿಯೇ ಬರೆದನು. ಒಂದಕ್ಷರವೂ ತಿಳಿಯದವನು ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆ ಈ ಆಚಾರ್ಯರ ಮುಂದೆ ಬರಲೇ ಇಲ್ಲ.

ಆ ಪ್ರಶ್ನೆಯನ್ನು ತಂದವರು ಕಂಪೆನಿ ಸರಕಾರದವರು. 1799ರಲ್ಲಿ ಕನ್ನಡ ಜಿಲ್ಲೆಯೂ 1800ರಲ್ಲಿ ಬಳ್ಳಾರಿಯ ಪ್ರಾಂತವೂ ಅವರ ಕೈಸೇರಲು, ಕಂದಾಯದ ಲೆಕ್ಕವನ್ನೂ ರೈತನ ಅರ್ಜಿಯನ್ನೂ ದುಭಾಷಿಯಿಲ್ಲದೆ ತಿಳಿಯಬಲ್ಲ ಅಧಿಕಾರಿಗಳು ಬೇಕಾದರು. 1812ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಸ್ಥಾಪಿತವಾಯಿತು. ಎಲ್ಲಿಸ್ ಎಂಬ ವಿದ್ವಾಂಸನು ಅದರ ಮುಖ್ಯ ಪ್ರವರ್ತಕನು. ವಿಲಾಯತಿಯಿಂದ ಬಂದ ತರುಣರು ಅಲ್ಲಿ ಮುನ್ಷಿಗಳ ಬಳಿ ದಕ್ಷಿಣದ ಭಾಷೆಗಳನ್ನು ಓದಿ ಪರೀಕ್ಷೆ ಕೊಡಬೇಕಾಗಿತ್ತು. ಕನ್ನಡಕ್ಕೆ 1817ರಲ್ಲಿ ಸಿರಾಂಪುರದಿಂದ ಕೇರಿಯ ವ್ಯಾಕರಣವೂ 1820ರಲ್ಲಿ ಮದರಾಸಿನಿಂದ ಮೆಕೆರೆಲನ ವ್ಯಾಕರಣವೂ ಹೊರಟವು, ಎರಡೂ ಇಂಗ್ಲಿಷಿನಲ್ಲಿವೆ. ಕೇರಿಯು ಬಂಗಾಳದಲ್ಲಿ ಕುಳಿತು ಬರೆದವನು. ಕನ್ನಡದ ಬೀದಿಯ ದನಿ ಆತನಿಗೆ ದೂರದ್ದು.

ಇಂಥ ಶಿಷ್ಯನ ಮುಂದೆ ಕುಳಿತ ಮುನ್ಷಿಯ ಸಂಕಟವನ್ನು ಸ್ವಲ್ಪ ಊಹಿಸಬೇಕು. ‘ನಾನು ಬಲ್ಲೆ’ ಎನ್ನುವಲ್ಲಿ ‘ನಾನು’, ‘ನನಗೆ ಗೊತ್ತು’ ಎನ್ನುವಲ್ಲಿ ‘ನನಗೆ’. ತಿಳಿದವನು ಒಬ್ಬನೇ ಆಗಿರಲು ವಿಭಕ್ತಿಭೇದವೇಕೆ? ‘ಹಣವಿಲ್ಲ’, ‘ಹಣವಲ್ಲ’ ಎಂಬ ಎರಡು ನಿಷೇಧಗಳಿಗೆ ಅಂತರವೇನು? ಹುಟ್ಟುಕನ್ನಡಿಗನು ಇವುಗಳಲ್ಲಿ ಎಂದೂ ತಪ್ಪುವವನಲ್ಲ. ತಪ್ಪದ ಕಾರಣದಿಂದಲೇ ಅವನು ನಿಯಮವನ್ನು ಹುಡುಕಿದವನೂ ಅಲ್ಲ. ‘ಮಾಡಿದಪಂ’ ಎಂಬ ರೂಪವನ್ನು ಸಾಧಿಸುವ ಸೂತ್ರವು ಬಾಯಿಗೆ ಬರುತ್ತಿದ್ದ ಪಂಡಿತನಿಗೆ, ‘ಮಾಡುತ್ತಾನೆ’ ಎಂಬ ತನ್ನ ಮನೆಮಾತಿನ ರೂಪಕ್ಕೆ ಆ ಗ್ರಂಥದಲ್ಲಿ ಸೂತ್ರವು ಸಿಕ್ಕುತ್ತಿರಲಿಲ್ಲ. ಶಿಷ್ಯನು ಕೇಳಿದ್ದರಿಂದ ಗುರುವು ತನ್ನ ಮಾತಿಗೆ ತಾನೇ ಕಿವಿಗೊಡಬೇಕಾಯಿತು. 1838ರಲ್ಲಿ ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’ ಪ್ರಕಟವಾದುದು ಈ ಹಿನ್ನೆಲೆಯಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಕೇಶಿರಾಜನು ‘ದರ್ಪಣ’ವನ್ನು ಹಳಗನ್ನಡಕ್ಕೆ ಹಿಡಿದನು, ಇವರು ‘ಕನ್ನಡಿ’ಯನ್ನು ಹೊಸಗನ್ನಡಕ್ಕೆ ಹಿಡಿದರು. ಹೆಸರೇ ಸಾಕಷ್ಟು ಹೇಳುತ್ತದೆ.

ಪಾದ್ರಿಗಳ ಕಲಿಕೆ ಬೇರೆ ಬಗೆಯದು. ಅಧಿಕಾರಿಗೆ ಅರ್ಜಿ ತಿಳಿದರೆ ಸಾಕು. ಪಾದ್ರಿಗೆ ಸಂತೆಯಲ್ಲಿ ನಿಂತು ಜನರನ್ನು ಒಲಿಸಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಿಗೆ ಮಾತೃಭಾಷೆ ಜರ್ಮನ್. ಕನ್ನಡವನ್ನು ಕಲಿಸುವ ಪುಸ್ತಕಗಳಿದ್ದುದು ಇಂಗ್ಲಿಷಿನಲ್ಲಿ. ಎಂದರೆ ಅವರು ಒಂದು ಪರಭಾಷೆಯ ಮೂಲಕ ಇನ್ನೊಂದನ್ನು ಕಲಿತರು. ಅವರ ವರ್ಗದ ಗದ್ಯದಲ್ಲಿ ‘ಯಾವನು ಬರುವನೋ ಅವನು’ ಎಂಬ ಜಾಡು ಪದೇಪದೇ ಕಾಣುತ್ತದೆ. ‘ಬರುವವನು’ ಎಂಬ ಒಂದೇ ಮಾತಿನಲ್ಲಿ ಮುಗಿಯುವುದನ್ನು ತಮ್ಮ ಭಾಷೆಯ ಅಚ್ಚಿನಲ್ಲಿ ಎರಕ ಹೊಯ್ದರು. ಇದನ್ನು ನಕ್ಕು ಬಿಡಬಾರದು. ಎರಡನೆಯ ಭಾಷೆಯನ್ನು ಕಲಿಯುವವನು ಮೊದಲನೆಯದನ್ನು ಮನೆಯಲ್ಲಿ ಬಿಟ್ಟು ಬರಲಾರನು. ಇಂಗ್ಲಿಷನ್ನು ಬರೆಯುವ ನಮ್ಮವರೂ ಅದೇ ಕೆಲಸವನ್ನು ಮಾಡುತ್ತಾರೆ.

ಈ ಜಾಡಿನಿಂದ ಪಾರಾಗಲು ಮೋಗ್ಲಿಂಗ್ ಪಂಡಿತರು ಹಿಡಿದ ದಾರಿ ಸಾಹಿತ್ಯದ್ದು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಇವರು ಮುಂದೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚುಹಾಕಿಸಿದರು. ಪರಧರ್ಮದ ಗ್ರಂಥಗಳಿಗೆ ಮಿಶನರಿಯೊಬ್ಬನು ಇಷ್ಟು ಶ್ರಮವಹಿಸಿದ್ದಕ್ಕೆ ವಿದ್ಯಾಪ್ರೇಮವು ಒಂದು ಕಾರಣವಾದರೆ, ಜನರ ನಾಲಗೆಯಲ್ಲಿರುವ ಕನ್ನಡವು ಅಲ್ಲಿಯೇ ದೊರೆಯುವುದೆಂಬ ವಿವೇಕವು ಮತ್ತೊಂದು.

1853ರಲ್ಲಿ ಬಂದ ಕಿಟೆಲ್ ಪಂಡಿತರಲ್ಲಿ ಎರಡು ದಾರಿಗಳೂ ಕೂಡಿದವು. 1872ರಲ್ಲಿ ಅವರು ಶಬ್ದಮಣಿದರ್ಪಣವನ್ನು ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಪ್ರಕಟಿಸಿದರು. ಈ ನಿಘಂಟಿನಲ್ಲಿ ಪಂಪಾದಿಗಳ ಕಾಲದ ಮಾತಿನ ಪಕ್ಕದಲ್ಲಿ ಒಕ್ಕಲಿಗನ ಗಾದೆಯೂ ನಿಲ್ಲುತ್ತದೆ; ಮೈಸೂರಿನ ಬಳಕೆ ಯಾವುದು, ದಕ್ಷಿಣ ಮರಾಠಾ ಪ್ರಾಂತದ ಬಳಕೆ ಯಾವುದು ಎಂದು ಗುರುತು ಹಾಕಿದೆ. ಕೇಳಿದ್ದನ್ನು ಕೇಳಿದ ಕಡೆಯೇ ಬರೆದುಕೊಳ್ಳುವ ವಿದ್ಯಾರ್ಥಿಯ ಅಭ್ಯಾಸ ಇದು. ಊರಿನವನಿಗೆ ತನ್ನೂರಿನ ಮಾತು ಕೇವಲ ಮಾತು. ಅದು ಒಂದು ಪ್ರಾಂತದ ಮಾತೆಂದು ತಿಳಿಯುವುದು ಹಲವು ಊರುಗಳಲ್ಲಿ ಕಿವಿಗೊಟ್ಟವನಿಗೆ.

1903ರಲ್ಲಿ ಪ್ರಕಟವಾದ ಅವರ ವ್ಯಾಕರಣವು ಕೇಶಿರಾಜನನ್ನು ಆಧಾರವಾಗಿಟ್ಟುಕೊಂಡು ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳ ರೂಪಗಳನ್ನು ಒಂದೇ ಗ್ರಂಥದಲ್ಲಿ ಜೋಡಿಸಿತು. ‘ಮಾಡಿದಪಂ’, ‘ಮಾಡುತ್ತಾನೆ’ಗಳೆರಡಕ್ಕೂ ಅದರಲ್ಲಿ ಎಡೆಯಿತ್ತು. ಅದೇ ವರುಷದ ಡಿಸೆಂಬರಿನಲ್ಲಿ ಅವರು ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಕಾಲವಶರಾದರು.